ಮಣೆಯ ಮೇಲೆ ಮಾತಿಲ್ಲ

ಹುಲಿಚರ್ಮವನ್ನು ಕೊಡವುವುದು ಬೇಡ ಎಂದು ಹೆಂಡತಿಗೆ ಹೇಳಬೇಕಾಗಿತ್ತು, ವೀರಕುಮಾರ ಹೇಳಲಿಲ್ಲ. ಜ್ವಾಲಾಮಾಲಿನಿ ಅದನ್ನು ಅಂಗಳದ ಹಗ್ಗದ ಮೇಲೆ ಹಾಕಿ ಬೆತ್ತದಿಂದ ಬಡಿಯುತ್ತಿದ್ದಳು. ಒಂದೊಂದು ಏಟಿಗೂ ಧೂಳಿನ ಜೊತೆಗೆ ಒಂದಿಷ್ಟು ಹುಲಿಯೂ ಹಾರಿಹೋಗುತ್ತಿತ್ತು. ಹಿಂದಿನ ಬಲಗಾಲು ಅವನ ಅಪ್ಪನ ಕಾಲಕ್ಕೇ ಹೋಗಿತ್ತು, ಬಾಲ ಹೋದ ವರ್ಷ ಇಲಿಯ ಪಾಲಾಯಿತು, ಈಗ ಉಳಿದಿರುವುದನ್ನು ಹುಲಿಯೆಂದು ಗುರುತಿಸಬೇಕಾದರೆ ಯಾರಾದರೂ ಮೊದಲೇ ಹೇಳಿರಬೇಕು. ಇರುವೆಯನ್ನೂ ತುಳಿಯಬಾರದೆನ್ನುವ ಜೈನರ ಮನೆಗೆ ಹುಲಿಚರ್ಮ ಹೇಗೆ ಬಂತೆಂದು ಚಿಕ್ಕಂದಿನಲ್ಲಿ ಅಜ್ಜನನ್ನು ಕೇಳಿದ್ದ. ಹುಲಿಗೆ ವಯಸ್ಸಾಗಿತ್ತು, ತಾನಾಗಿ ಬಂದು ನಮ್ಮ ಬಾಗಿಲಲ್ಲಿ ಪ್ರಾಣ ಬಿಟ್ಟಿತು ಎಂದು ಅಜ್ಜ ಒಂದಿಷ್ಟೂ ನಗದೆ ಹೇಳಿದ್ದ. ಅರಸುಮನೆಯ ಚರಿತ್ರೆಯೆಲ್ಲ ಹೆಚ್ಚುಕಡಿಮೆ ಇದೇ ಜಾತಿಯದು. ಒಂದು ಕಾಲಕ್ಕೆ ಏಳು ಹಳ್ಳಿ ಆಳುತ್ತಿದ್ದರಂತೆ. ಕೆಳದಿಯವರು ಬಂದು ನಾಲ್ಕು ತೆಗೆದುಕೊಂಡರಂತೆ, ಹೈದರನ ಕಡೆಯವರು ಬಂದು ಮೂರು. ಕಟ್ಟಕಡೆಗೆ ಬಂದ ಇಂಗ್ಲಿಷರಿಗೆ ತೆಗೆದುಕೊಳ್ಳಲು ಏನೂ ಸಿಗದೆ ನಿಟ್ಟೂರಿನ ದಾರಿಯಲ್ಲಿ ಒಂದು ಮೈಲಿಗಲ್ಲು ನೆಟ್ಟು ಹೋದರಂತೆ. ರಾಜ್ಯವೆಲ್ಲ ಹೋಗಿ ಉಳಿದದ್ದು ಹಲಸಿನ ಹಲಗೆಯ ಒಂದು ಮಣೆ, ಈ ಚರ್ಮ, ಊದಿದರೆ ಗಾಳಿ ಮಾತ್ರ ಬರುವ ಒಂದು ಕೊಂಬು, ಮತ್ತು ವರ್ಷಕ್ಕೊಮ್ಮೆ ವಿಜಯದಶಮಿಯ ಬೆಳಿಗ್ಗೆ ಒಂದು ಗಳಿಗೆಯ ಆಳ್ವಿಕೆ. ಆ ಗಳಿಗೆಯಲ್ಲಿ ಅರಸುಮನೆಯ ಯಜಮಾನ ಮಣೆಯ ಮೇಲೆ ಕೂರುತ್ತಾನೆ, ಊರು ಅವನ ಮುಂದೆ ನಿಲ್ಲುತ್ತದೆ.

ಇವತ್ತು ವಿಜಯದಶಮಿ. ಇವತ್ತು ಆ ಮಣೆಯ ಮೇಲೆ ಕೂರುವುದಿಲ್ಲವೆಂದು ವೀರಕುಮಾರ ಮಾತು ಕೊಟ್ಟಿದ್ದ. ಕೊಟ್ಟದ್ದು ಹೆಂಡತಿಗಲ್ಲ, ಊರಿಗೂ ಅಲ್ಲ, ಹೊಸನಗರದ ಪೇಟೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿರುವ ಶೇಷಪ್ಪನಿಗೆ. ಬ್ರಿಟಿಷರು ಆಗಸ್ಟಿನಲ್ಲಿ ಹೋಗಿಯಾಗಿತ್ತು, ಮಹಾರಾಜರು ಮಾತ್ರ ಇನ್ನೂ ಇದ್ದರು. ಜವಾಬ್ದಾರಿ ಸರ್ಕಾರ ಕೊಡಿ ಎಂದು ಸಂಸ್ಥಾನವೆಲ್ಲ ಬೀದಿಗಿಳಿದಿತ್ತು. ಆ ದಿನಗಳಲ್ಲಿ ವೀರಕುಮಾರನ ಗಂಟಲು ಸಾಗರದಿಂದ ತೀರ್ಥಹಳ್ಳಿಯ ತನಕ ಹೆಸರಾಯಿತು. ಗಂಟಲು ನಿಜಕ್ಕೂ ಚೆನ್ನಾಗಿತ್ತು. ಅರಸೊತ್ತಿಗೆ ಎನ್ನುವುದು ಇಪ್ಪತ್ತನೆಯ ಶತಮಾನಕ್ಕೆ ಹಿಡಿದ ಬೂಷ್ಟು ಎಂದು ಅವನು ತೀರ್ಥಹಳ್ಳಿಯ ಹೊಳೆದಂಡೆಯಲ್ಲಿ ಹೇಳಿದಾಗ ಬಟ್ಟೆ ಒಗೆಯುತ್ತಿದ್ದವರೂ ಕೈ ನಿಲ್ಲಿಸಿ ಕೇಳಿದ್ದರು. ನೀವೂ ಅರಸುಮನೆಯವರೇ ಅಲ್ಲವೆ ಎಂದು ಯಾರೋ ಹಿಂದಿನಿಂದ ಕೂಗಿದರು. ‘ಅದಕ್ಕೇ ಅದರ ವಾಸನೆ ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು’ ಎಂದ. ಚಪ್ಪಾಳೆ ಬಿತ್ತು. ಈ ಮಾತು ಇಷ್ಟು ಚೆನ್ನಾಗಿ ಬಂದದ್ದು ಅವನಿಗೇ ಆಶ್ಚರ್ಯವಾಗಿ, ಮುಂದಿನ ಸಭೆಗಳಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ. ಸಾಗರದಲ್ಲಿ ಯಾರೂ ಕೇಳದೆ ಹೋದಾಗ ಪ್ರಶ್ನೆಯನ್ನೂ ತಾನೇ ಹಾಕಿಕೊಂಡು ಉತ್ತರ ಕೊಟ್ಟಿದ್ದ.

ಆಮೇಲೆ ಬಂದದ್ದು ತಾಲ್ಲೂಕು ಕಚೇರಿಯ ಮುಂದಿನ ಆ ಮಧ್ಯಾಹ್ನ. ಅದನ್ನು ನೆನೆಯಬಾರದೆಂದುಕೊಂಡಷ್ಟೂ ಹಲ್ಲುಜ್ಜುವಾಗ, ದೇವರ ಮುಂದೆ ಕೈಮುಗಿಯುವಾಗ, ಹೀಗೆ ಸುಮ್ಮನೆ ಕಿಟಕಿಯಲ್ಲಿ ನಿಂತಾಗ ಅದು ಬಂದುಬಿಡುತ್ತಿತ್ತು. ಹದಿನಾಲ್ಕು ಜನ ಬಾಗಿಲಿಗೆ ಅಡ್ಡ ನಿಂತಿದ್ದರು. ಪೊಲೀಸರು ಬಂದರು, ಲಾರಿ ಬಂತು. ಅಮಲ್ದಾರರು ಹೊರಗೆ ಬಂದು ಸಾಲನ್ನೆಲ್ಲ ನೋಡಿ, ವೀರಕುಮಾರನ ಹತ್ತಿರ ಕಣ್ಣು ನಿಲ್ಲಿಸಿ, ‘ಇದೇನಿದು, ಅರಸುಮನೆಯವರು ಬಿಸಿಲಲ್ಲಿ ನಿಂತಿದಾರೆ, ಕುರ್ಚಿ ತನ್ರೋ’ ಎಂದರು. ಕುರ್ಚಿ ಬಂತು. ವೀರಕುಮಾರ ಕೂತ. ಯೋಚಿಸಿ ಕೂತದ್ದಲ್ಲ, ಕುರ್ಚಿ ಹಿಂದೆ ಬಂದು ತಾಗಿದ್ದೇ ತಡ ಮೊಣಕಾಲು ತಾವಾಗಿ ಮಡಚಿಕೊಂಡವು. ತಲೆತಲಾಂತರದಿಂದ ಕೂತು ಅಭ್ಯಾಸವಾದ ಮೊಣಕಾಲುಗಳು, ಅವಕ್ಕೆ ಚಳವಳಿಯ ಸುದ್ದಿ ತಲುಪಿರಲಿಲ್ಲ. ಉಳಿದ ಹದಿಮೂರು ಜನರನ್ನು ಲಾರಿಗೆ ಹತ್ತಿಸಿ ಶಿವಮೊಗ್ಗದ ಜೈಲಿಗೆ ಕಳಿಸಿದರು. ಲಾರಿ ಹೊರಟಾಗ ಅವನು ಎದ್ದು ನಿಂತು ಜೈಕಾರ ಹಾಕಿದ, ಲಾರಿಯಿಂದ ಯಾರೂ ತಿರುಗಿ ಕೂಗಲಿಲ್ಲ. ಶೇಷಪ್ಪ ಮಾತ್ರ ಹಿಂದಿನ ಸರಳು ಹಿಡಿದುಕೊಂಡು ನೋಡಿದ, ಅವನನ್ನಲ್ಲ, ಕುರ್ಚಿಯನ್ನು. ಅಮಲ್ದಾರರು ಕಾಫಿ ಕೊಟ್ಟರು. ಅದನ್ನೂ ಕುಡಿದ. ಒಳ್ಳೆಯ ಕಾಫಿ. ನಾಚಿಕೆಗೆ ರುಚಿ ಇರುವುದಾದರೆ ಅದು ಆ ಕಾಫಿಯದೇ ಎಂದು ಇವತ್ತಿಗೂ ಅವನಿಗೆ ಅನ್ನಿಸುತ್ತಿತ್ತು, ಅಂದಿನಿಂದ ಕಾಫಿ ಬಿಟ್ಟು ಕಷಾಯಕ್ಕೆ ಇಳಿದಿದ್ದ. ಊರಿನವರು ಅದನ್ನು ದೇಶಭಕ್ತಿ ಎಂದುಕೊಂಡರು.

ಒಪ್ಪಂದವಾಗಿ ಜೈಲು ತೆರೆದ ಮೇಲೆ ಶೇಷಪ್ಪನ ಅಂಗಡಿಗೆ ಹೋಗಿದ್ದ. ಶೇಷಪ್ಪ ಒಣಗಿದ್ದ, ಗಡ್ಡ ಬಂದಿತ್ತು, ಮೆಷಿನ್ನು ತುಳಿಯುತ್ತಲೇ ಬನ್ನಿ ಕೂತ್ಕೊಳ್ಳಿ ಎಂದ. ವೀರಕುಮಾರ ಕೂರಲಿಲ್ಲ. ಇಬ್ಬರೂ ಹೊಸ ಮಂತ್ರಿಮಂಡಲದ ಬಗ್ಗೆ, ಶಿವಮೊಗ್ಗದ ಜೈಲಿನ ಸಾರಿನ ಬಗ್ಗೆ ಮಾತಾಡಿದರು. ಕುರ್ಚಿಯ ಮಾತು ಬರಲಿಲ್ಲ. ಶೇಷಪ್ಪ ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಕೊನೆಗೆ ನೂಲು ಕಚ್ಚಿ ತುಂಡುಮಾಡುತ್ತ, ‘ವಿಜಯದಶಮಿಗೆ ನಿಮ್ಮೂರಲ್ಲಿ ಏನೋ ಪಟ್ಟ ಗಿಟ್ಟ ಕಟ್ತಾರಂತಲ್ಲ ನಿಮಗೆ’ ಎಂದ. ‘ಈ ಸಲ ಇಲ್ಲ,’ ಎಂದ ವೀರಕುಮಾರ. ‘ಎಲ್ಲರ ಮುಂದೆ ಬೇಡ ಅಂತ ಹೇಳ್ತೀನಿ. ನೀವೇ ಬಂದು ನೋಡಿ.’ ಶೇಷಪ್ಪ ಮೊದಲ ಸಲ ಮೆಷಿನ್ನು ನಿಲ್ಲಿಸಿ ಅವನ ಮುಖ ನೋಡಿದ. ‘ಬರ್ತೀನಿ’ ಎಂದ. ಹಾಗೆ ನೋಡಿದ ಆ ಒಂದು ನೋಟಕ್ಕಾಗಿ ವೀರಕುಮಾರ ಹತ್ತು ದಿನ ಹಗುರಾಗಿ ಓಡಾಡಿದ್ದ. ಒಂದು ಕುರ್ಚಿಯ ಮೇಲೆ ಕೂತದ್ದನ್ನು ಒಂದು ಮಣೆಯ ಮೇಲೆ ಕೂರದೆ ತೊಳೆದುಕೊಳ್ಳಬಹುದು. ಇದಕ್ಕಿಂತ ಅಗ್ಗದ ಪ್ರಾಯಶ್ಚಿತ್ತ ಯಾವ ಶಾಸ್ತ್ರದಲ್ಲಿದೆ.

‘ನೀರು ಕಾದಿದೆ,’ ಎಂದಳು ಜ್ವಾಲಾಮಾಲಿನಿ ಅಂಗಳದಿಂದಲೇ. ‘ಜರಿಪೇಟ ಪೆಟ್ಟಿಗೆಯಿಂದ ತೆಗೆದಿಟ್ಟಿದೀನಿ.’

‘ಪೇಟ ಬೇಡ ಈ ಸಲ.’

‘ಟೋಪಿ ಹಾಕ್ಕೊಂಡು ಕೂರ್ತೀರಾ?’

‘ಕೂರೋದೇ ಇಲ್ಲ.’

ಬೆತ್ತ ನಿಂತಿತು. ಅವಳು ಅಳಬಹುದು, ಮಾವನವರ ಹೆಸರೆತ್ತಬಹುದು, ಮನೆತನ ಎನ್ನಬಹುದು ಎಂದು ಅವನು ಒಂದೊಂದಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದ. ಅವಳು ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು, ‘ಕೆರಿಯಪ್ಪಂಗೆ ಹೇಳಿದೀರಾ?’ ಎಂದಳು.

‘ಅಲ್ಲೇ ಹೇಳ್ತೀನಿ.’

‘ಹೇಳಿ. ಅರವತ್ತು ಜನಕ್ಕೆ ಪಾಯಸ ಮಾಡಿದೀನಿ. ನೀವು ಕೂತ್ರೂ ಉಣ್ತಾರೆ, ಕೂರದಿದ್ರೂ ಉಣ್ತಾರೆ.’ ಮತ್ತೆ ಬೆತ್ತ ಎತ್ತಿದಳು. ಸಿದ್ಧಮಾಡಿಕೊಂಡ ಉತ್ತರಗಳೆಲ್ಲ ಹಾಗೇ ಉಳಿದು ಅವನಿಗೆ ಸಿಟ್ಟು ಬಂತು. ತ್ಯಾಗ ಮಾಡುವವನಿಗೆ ಮನೆಯವರು ಸ್ವಲ್ಪವಾದರೂ ಅಡ್ಡಿ ಮಾಡಬೇಕು.

ಚಾವಡಿ ಬಸದಿಯ ಎದುರಿಗಿತ್ತು, ಮನೆಯಿಂದ ನೂರು ಹೆಜ್ಜೆ. ಮಳೆಗಾಲ ಮುಗಿದು ಬಿದ್ದ ಬಿಸಿಲಿಗೆ ದಾರಿಯ ಕೆಸರು ಹೆಪ್ಪುಗಟ್ಟಿ ಹಸುಗಳ ಗೊರಸಿನ ಗುರುತು ಗಟ್ಟಿಯಾಗಿ ನಿಂತಿತ್ತು. ಗಾಂಧಿಟೋಪಿ ಹಾಕಿಕೊಂಡು ಎಡವದಂತೆ ನಡೆಯುತ್ತ ವೀರಕುಮಾರ ಭಾಷಣವನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದ, ಮಧ್ಯೆ ನೆನಪಿನಲ್ಲಿ ಇಪ್ಪತ್ತೆರಡನೆಯ ವಯಸ್ಸಿನ ಅವನು ಇದೇ ದಾರಿಯಲ್ಲಿ ಪೇಟದ ಭಾರಕ್ಕೆ ಕತ್ತು ನೆಟ್ಟಗಿಟ್ಟುಕೊಂಡು ನಡೆಯುತ್ತಿದ್ದ. ಅದು ಅಪ್ಪ ತೀರಿಕೊಂಡ ವರ್ಷ. ಮಣೆಗೆ ಕೂರಿಸುವ ಹಕ್ಕು ಕೆರಿಯಪ್ಪನ ಮನೆಯವರದು; ಅವರು ಕೈ ಹಿಡಿದು, ಹೆಗಲ ಮೇಲೆ ಕೈಯಿಟ್ಟು ಅದುಮಿದರೆ ಅರಸು, ಇಲ್ಲದಿದ್ದರೆ ಬರೀ ಮನುಷ್ಯ. ಆಗಿನ್ನೂ ಕೆರಿಯಪ್ಪನ ಕೂದಲು ಕಪ್ಪಗಿತ್ತು, ಕೈ ಕೊಡಲಿಯ ಕಾವಿನಷ್ಟು ಒರಟು. ‘ಮಣೆ ಮೇಲೆ ಮಾತಿಲ್ಲ ಅಯ್ಯಾ, ನೆನಪಿರ್ಲಿ’ ಎಂದು ಕಿವಿಯಲ್ಲಿ ಹೇಳಿದ್ದ. ಕಟ್ಟಳೆ ಅಷ್ಟೇ. ಊರಿನವರು ಒಬ್ಬೊಬ್ಬರಾಗಿ ಎದುರು ಬಂದು ಅಹವಾಲು ಹೇಳುತ್ತಾರೆ, ಬಹಳ ಸಲ ಅದು ಅರಸುಮನೆಯ ಮೇಲಿನ ದೂರೇ ಆಗಿರುತ್ತದೆ. ಕೂತವನು ತುಟಿ ಬಿಚ್ಚುವ ಹಾಗಿಲ್ಲ, ತಲೆ ಆಡಿಸುವ ಹಾಗಿಲ್ಲ. ಮೂರು ವರ್ಷದ ಹಿಂದೆ ತುಂಗಮ್ಮ, ಗಂಡ ಸತ್ತ ಮೇಲೆ ಒಬ್ಬಳೇ ಗದ್ದೆ ಮಾಡುವವಳು, ಅಯ್ಯ ತನ್ನ ಗದ್ದೆಯ ನೀರು ತಿರುಗಿಸಿಕೊಂಡರು ಎಂದು ಮುಖಕ್ಕೇ ಹೇಳಿದ್ದಳು. ಬಾಯಿಗೆ ಬಂದ ಹತ್ತು ಸಮರ್ಥನೆಗಳನ್ನು ನುಂಗಿ ಕೂತಿದ್ದ. ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದೆ ವಾರದೊಳಗೆ ನೀರು ಬಿಟ್ಟುಕೊಟ್ಟ. ಅದು ತನ್ನ ಔದಾರ್ಯವೆಂದೇ ಅವನು ನಂಬಿದ್ದ. ಇದೆಲ್ಲ ಹಳೆಯ ದರ್ಪದ ಉಳಿಕೆ, ಗುಲಾಮಗಿರಿಯ ವಿಧಿ ಎಂದು ಸಭೆಗಳಲ್ಲಿ ಹೇಳುತ್ತ ಬಂದಿದ್ದ. ಹೇಳದೆ ಉಳಿದದ್ದು ಒಂದಿತ್ತು. ಆ ಒರಟು ಕೈ ಹೆಗಲನ್ನು ಅದುಮಿದ ಕ್ಷಣ ಬೆನ್ನಿನೊಳಗೆ ಏನೋ ಒಂದು ನೆಟ್ಟಗಾಗುತ್ತಿತ್ತು. ಅದು ಅವನಿಗೆ ಬಹಳ ಇಷ್ಟ. ವರ್ಷವಿಡೀ ಅದಕ್ಕೇ ಕಾಯುತ್ತಿದ್ದ, ಕಾಯುವುದಕ್ಕೆ ನಾಚುತ್ತಲೂ ಇದ್ದ.

ಚಾವಡಿಯಲ್ಲಿ ಊರು ಸೇರಿತ್ತು. ಕೊಂಬಿನ ಹೂವಪ್ಪ ಬಾಗಿಲಲ್ಲಿ ಕೊಂಬಿಗೆ ಎಣ್ಣೆ ಸವರುತ್ತಿದ್ದ. ಚಿಕ್ಕಪ್ಪನ ಮಗ ಪದ್ಮಪ್ರಸಾದ, ಸಾಗರದಲ್ಲಿ ಬಟ್ಟೆ ಅಂಗಡಿ ಇಟ್ಟವನು, ಪ್ರತಿವರ್ಷದಂತೆ ಹಬ್ಬದ ಊಟಕ್ಕೆ ಬಂದು ಗೋಡೆಗೊರಗಿ ನಶ್ಯ ಏರಿಸುತ್ತ ಕೂತಿದ್ದ. ಹೆಚ್ಚು ಮಾತಿಲ್ಲದ ಮನುಷ್ಯ; ವೀರಕುಮಾರನ ಪ್ರಕಾರ ತಲೆಯಲ್ಲಿ ಏನೂ ಇಲ್ಲದ್ದರಿಂದ. ಕಂಬದ ಪಕ್ಕ ಕೈಚೀಲ ಹಿಡಿದು ಶೇಷಪ್ಪ ನಿಂತಿದ್ದ. ಅವನು ನಿಜವಾಗಿಯೂ ಬಂದಿದ್ದನ್ನು ಕಂಡು ವೀರಕುಮಾರ ಟೋಪಿ ನೆಟ್ಟಗೆ ಮಾಡಿಕೊಂಡ. ಎದುರಿಗೆ ಮಣೆ, ಅದರ ಮೇಲೆ ತನಗಿಂತ ಮೊದಲೇ ಬಂದು ಕೂತಿದ್ದ ಹುಲಿ. ಕೆರಿಯಪ್ಪ ಕೈ ಚಾಚಿದ. ವೀರಕುಮಾರ ಹಿಂದೆ ಸರಿದು, ಗಂಟಲು ಸರಿಮಾಡಿಕೊಂಡು, ‘ಬಂಧುಗಳೇ’ ಎಂದ.

ಚೆನ್ನಾಗಿಯೇ ಮಾತಾಡಿದ. ಮನುಷ್ಯರೆಲ್ಲ ಸಮಾನರೆಂದ, ಯಾರೂ ಹುಟ್ಟಿನಿಂದ ದೊಡ್ಡವರಲ್ಲವೆಂದ. ಮೈಸೂರಿನಲ್ಲೇ ಪ್ರಜೆಗಳಿಗೆ ಅಧಿಕಾರ ಬಂದಿರುವಾಗ ಈ ಮುರುಕು ಮಣೆಗೆ ಅರ್ಥವೇನೆಂದ. ದನಿ ತುಸು ನಡುಗಿತು, ಆ ನಡುಕ ಅವನಿಗೆ ಮೆಚ್ಚುಗೆಯಾಯಿತು. ‘ಇಂದು ಈ ಮಣೆಯನ್ನು ನಾನು ತ್ಯಜಿಸುತ್ತಿದ್ದೇನೆ. ಇಂದಿನಿಂದ ನೀವೆಲ್ಲ ಸ್ವತಂತ್ರರು’ ಎಂದು ಕೈ ಮೇಲೆತ್ತಿ ನಿಲ್ಲಿಸಿದ. ಶೇಷಪ್ಪ ಒಬ್ಬನೇ ನಾಲ್ಕು ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ಸೇರದ್ದನ್ನು ಕಂಡು ನಿಲ್ಲಿಸಿದ. ಕೈ ಎತ್ತಿದ್ದು ತನಗೇ ಸನ್ನೆ ಎಂದು ತಿಳಿದು ಹೂವಪ್ಪ ಕೊಂಬು ಊದಿದ.

‘ಆತಾ ಅಯ್ಯಾ?’ ಎಂದ ಕೆರಿಯಪ್ಪ. ‘ಇನ್ನು ಕೂತ್ಕಳಿ, ಹೊತ್ತಾಗ್ತದೆ.’

‘ಕೆರಿಯಪ್ಪಾ, ನಾ ಹೇಳಿದ್ದು ತಿಳೀಲಿಲ್ವಾ? ನಾನು ಕೂರಲ್ಲ. ನಾನು ನಿಮ್ಮೆಲ್ಲರಿಗಿಂತ ದೊಡ್ಡೋನಲ್ಲ.’

‘ಅದು ಗೊತ್ತಿರಾದೇ ಅಲ್ವಾ? ನಿಮ್ಮನ್ನ ದೊಡ್ಡೋರು ಮಾಡಕ್ಕೆ ಕೂರ್ಸಾದು ಅಂತ ನಿಮಗ್ಯಾರು ಹೇಳಿದ್ರು?’ ಕೆರಿಯಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಮಂದಬುದ್ಧಿಯ ಮಗುವಿಗೆ ಹೇಳುವ ತಾಳ್ಮೆ ಇತ್ತು. ‘ವರ್ಸವೆಲ್ಲ ನೀವು ಹೇಳ್ತೀರಿ, ನಾವು ಕೇಳ್ತೀವಿ. ಮಾರಾಜ್ರ ಕಾಲ್ದಾಗೂ ನೀವೇ ಹೇಳ್ತಿದ್ರಿ, ಈಗ ಕಾಂಗ್ರೆಸ್ಸು ಬಂದ್ರೂ ನೀವೇ ಹೇಳ್ತೀರಿ. ನೀವು ಬಾಯಿ ಮುಚ್ಕಂಡು ನಾವು ಹೇಳಿದ್ದು ಕೇಳಾದು ಇದೊಂದು ಗಳಿಗೆ. ಅದನ್ನೂ ಕಿತ್ಕಂಡು ಸ್ವತಂತ್ರ ಅಂತೀರಲ್ಲ?’

ಜನ ನಕ್ಕರು. ಇಂಥದೊಂದು ವಾದ ಇರಬಹುದೆಂದು ವೀರಕುಮಾರನಿಗೆ ಹೊಳೆದಿರಲಿಲ್ಲ. ತೀರ್ಥಹಳ್ಳಿಯಲ್ಲೂ ಯಾರೂ ಎತ್ತಿರಲಿಲ್ಲ. ‘ಇನ್ಮೇಲೆ ಸಮಿತಿ ಮಾಡೋಣ,’ ಎಂದ. ‘ತಿಂಗಳಿಗೊಂದು ಸಭೆ. ಎಲ್ಲರೂ ಮಾತಾಡಬಹುದು.’

‘ಅದ್ಯಕ್ಷ ಯಾರು?’ ಎಂದಳು ತುಂಗಮ್ಮ ಹೆಂಗಸರ ಸಾಲಿನಿಂದ.

‘ಅದು ನೀವೇ ಆರಿಸಬೇಕು. ಸದ್ಯಕ್ಕೆ... ಬೇಕಾದ್ರೆ ನಾನೇ...’

‘ಆವಾಗ ನೀವೂ ಮಾತಾಡ್ತೀರಾ?’

‘ಅಧ್ಯಕ್ಷರು ಮಾತಾಡಲೇಬೇಕಲ್ಲ ತುಂಗಮ್ಮ.’

ಈ ಸಲದ ನಗು ಚಾವಡಿಯ ಹೊರಗಿನ ತನಕ ಹೋಯಿತು. ಶೇಷಪ್ಪನೂ ನಕ್ಕದ್ದನ್ನು ವೀರಕುಮಾರ ಕಂಡ. ಕೆರಿಯಪ್ಪ ಇನ್ನು ಅವನ ಕಡೆ ನೋಡಲಿಲ್ಲ. ಅರಸುಮನೆಯಲ್ಲಿ ಹುಟ್ಟಿದವರು ಯಾರಾದರೂ ಆದೀತು, ಮಣೆ ಖಾಲಿ ಇರಬಾರದು ಎಂದು ಅಲ್ಲಿ ಇಲ್ಲಿ ಕಣ್ಣಾಡಿಸಿ, ಗೋಡೆಗೊರಗಿದ್ದ ಪದ್ಮಪ್ರಸಾದನ ಹತ್ತಿರ ಹೋಗಿ ಕೈ ಚಾಚಿದ. ಪದ್ಮಪ್ರಸಾದ ನಶ್ಯದ ಡಬ್ಬಿ ಮುಚ್ಚಿದ. ‘ನಾನಾ?’ ಎಂದು ವೀರಕುಮಾರನ ಮುಖ ನೋಡಿದ. ‘ಅಣ್ಣಯ್ಯ ಏನಂತಾನೋ.’

ಅಣ್ಣಯ್ಯ ಏನನ್ನಬೇಕು. ಮನುಷ್ಯರೆಲ್ಲ ಸಮಾನರೆಂದು ಈಗತಾನೆ ಹೇಳಿ ಮುಗಿಸಿದ್ದ. ‘ನಿನ್ನಿಷ್ಟ’ ಎಂದ.

‘ಊಟದ ಹೊತ್ತಿಗೆ ಮುಗೀತದಲ್ಲ?’ ಎಂದು ಕೆರಿಯಪ್ಪನನ್ನು ಕೇಳಿ ಪದ್ಮಪ್ರಸಾದ ಎದ್ದ. ಕೆರಿಯಪ್ಪ ಅವನ ಕೈ ಹಿಡಿದು ನಡೆಸಿದ, ಹೆಗಲ ಮೇಲೆ ಕೈಯಿಟ್ಟು ಅದುಮಿದ. ಆ ಅದುಮು ವೀರಕುಮಾರನ ಹೆಗಲಿಗೆ ಗೊತ್ತಾಯಿತು. ಗೋಡೆಗೆ ಒರಗಿಕೊಂಡಾಗ ಹಿಟ್ಟಿನ ಚೀಲದಂತಿದ್ದ ಪದ್ಮಪ್ರಸಾದ ಮಣೆಯ ಮೇಲೆ ಕೂತದ್ದೇ ನೆಟ್ಟಗಾದ. ಎಲ್ಲಿಂದಲೋ ಅವನಿಗೊಂದು ಕತ್ತು ಬಂತು. ಅವನ ಮೂಗು ಅಜ್ಜನ ಮೂಗು ಎಂದು ಹೆಂಗಸರಲ್ಲಿ ಯಾರೋ ಪಿಸುಗುಟ್ಟಿದರು. ಮೊದಲ ಆರತಿ ಅರಸುಮನೆಯ ಸೊಸೆಯದು. ಜ್ವಾಲಾಮಾಲಿನಿ ತಟ್ಟೆ ಹಿಡಿದು ಬಂದು, ಇಪ್ಪತ್ತು ವರ್ಷ ಗಂಡನಿಗೆ ಎತ್ತಿದ ಆರತಿಯನ್ನು, ತನ್ನ ಅಣ್ಣನ ಮದುವೆಗೆ ಹಳೆಯ ಸೀರೆ ಉಡುಗೊರೆ ಕೊಟ್ಟ ಈ ಬಟ್ಟೆಯಂಗಡಿಯವನಿಗೆ ಕಣ್ಣು ಮಿಟುಕಿಸದೆ ಎತ್ತಿ ತಲೆ ಬಾಗಿಸಿದಳು. ವೀರಕುಮಾರನಿಗೆ ಹೊಟ್ಟೆ ಉರಿಯಿತು. ಬೇರೆ ಹೆಸರಿಲ್ಲ ಅದಕ್ಕೆ, ಹೊಟ್ಟೆಯೇ ಉರಿಯಿತು. ತಾನು ತ್ಯಾಗ ಮಾಡಿದ್ದು ಮಣೆಯನ್ನು ಇಲ್ಲವಾಗಿಸಲಿಕ್ಕೆ, ಅದರ ಮೇಲೆ ಇನ್ನೊಬ್ಬ ಕೂರಲಿಕ್ಕಲ್ಲ.

ತುಂಗಮ್ಮ ಮೊದಲು ಬಂದಳು. ‘ಅರಸುಮನೆ ಅಯ್ಯ ಶಾಲೆ ಕಟ್ಸಿದ್ರು, ಒಳ್ಳೇದು. ಶಾಲೆ ಜಾಗಕ್ಕೆ ನನ್ನ ಕಣ ಹೋತು. ಒಂದು ಮಾತು ಕೇಳ್ಲಿಲ್ಲ’ ಎಂದಳು.

‘ತುಂಗಮ್ಮ, ಅದು ನಿಮ್ಮ ಮಕ್ಕಳಿಗೇ...’ ಎಂದು ವೀರಕುಮಾರ ಬಾಯಿ ತೆರೆದ. ಕೆರಿಯಪ್ಪ ತಿರುಗದೆಯೇ ಕೈ ಅಡ್ಡ ಹಿಡಿದ. ‘ನಿಮ್ಮ ಸರದಿ ಬರ್ಲಿ ಅಯ್ಯಾ. ಸಾಲಿನಾಗೆ ನಿತ್ಕಳಿ.’ ಆಮೇಲೆ ಮಣೆಯ ಕಡೆಗೆ, ‘ಮಣೆ ಕೇಳ್ತು’ ಎಂದ.

ವೀರಕುಮಾರ ಸಾಲಿನಲ್ಲಿ ನಿಂತ. ಹೂವಪ್ಪ ಕೊಂಬನ್ನು ಕಂಕುಳಲ್ಲಿಟ್ಟುಕೊಂಡು ಮಣೆಯ ಮುಂದೆ ಹೋದ. ‘ಅಯ್ಯ ಎಲ್ಲಿ ಭಾಸಣಕ್ಕೆ ಹೋದ್ರೂ ಕಂಬಳಿ ಹೊದ್ಕಂಡು ಬಾ ಅಂತಾರೆ. ರೈತ್ರೂ ಬಂದಾರೆ ಅಂತ ತೋರ್ಸಕ್ಕೆ. ಎಂಥ ಸೆಕೆನಾಗೂ ಕಂಬಳಿ. ಮೂರು ಸಭೆ ಆತು. ನಂಗೆ ಮನೇಲಿ ಕೆಲ್ಸ ಐತೆ’ ಎಂದ. ಮಣೆ ಕೇಳಿತು. ಪದ್ಮಪ್ರಸಾದನ ರೆಪ್ಪೆಯೂ ಅಲುಗಲಿಲ್ಲ. ಮುಟ್ಟಾಳ, ಎಷ್ಟು ಚೆನ್ನಾಗಿ ಕೂತಿದ್ದಾನೆ, ಎಂದುಕೊಂಡ ವೀರಕುಮಾರ; ತಾನು ಹೊರಗಿನಿಂದ ಹೀಗೇ ಕಾಣುತ್ತಿದ್ದೆನೆ ಎಂದು ಮೊದಲ ಸಲ ತಿಳಿಯಿತು, ತಿಳಿದದ್ದರಿಂದ ಇನ್ನಷ್ಟು ನೋವಾಯಿತು. ಸಾಲು ಮುಂದೆ ಸರಿಯಿತು. ಆಗ ಕಂಬದ ಪಕ್ಕದಿಂದ ಶೇಷಪ್ಪ ಕೇಳಿದ, ‘ಹೊರಗಿನ ಊರಿನೋರು ಹೇಳಬಹುದಾ?’

‘ಮಣೆ ಮುಂದೆ ಹೊರಗಿನೋರು ಯಾರೂ ಇಲ್ಲ, ಬರ್ರಿ.’

ಶೇಷಪ್ಪ ಕೈಚೀಲ ಕೆಳಗಿಟ್ಟ. ಅರಸೊತ್ತಿಗೆ ಬೇಡವೆಂದು ಇಪ್ಪತ್ತೆರಡು ದಿನ ಜೈಲಿನಲ್ಲಿದ್ದು ಬಂದವನು ಹುಲಿಚರ್ಮದ ಮುಂದೆ ಸಂಕೋಚದಿಂದ ನಿಂತು, ವೀರಕುಮಾರನ ಕಡೆ ತಿರುಗದೆ, ಮೆಲ್ಲಗೆ ಹೇಳಿದ. ‘ನಾವು ಹದಿನಾಲ್ಕು ಜನ ಹೋಗಿದ್ವಿ. ಒಬ್ಬರಿಗೆ ಕುರ್ಚಿ ಹಾಕಿದ್ರು, ಅವರು ಕೂತ್ರು. ಬೇಡ ಅಂತ ಅನ್ನಬಹುದಿತ್ತು. ನಾನು ಜೈಲಲ್ಲಿ ಜ್ವರ ಬಂದು ಮಲಗಿದ್ದಾಗೆಲ್ಲ ಆ ಕುರ್ಚಿ ಕಣ್ಣಿಗೆ ಬರ್ತಿತ್ತು. ಅವರಿಗೆ ಹೇಳೋಣ ಅಂದ್ರೆ, ಅವರ ಹತ್ರ ಉತ್ತರ ಇರುತ್ತೆ. ಅದಕ್ಕೇ ಹೇಳಿಲ್ಲ.’ ಮುಖ ಒರೆಸಿಕೊಂಡ. ಜ್ವರ ಬಿಟ್ಟವನಂತೆ ಹಗುರಾಗಿ ಚೀಲ ಎತ್ತಿಕೊಂಡ.

‘ಮಣೆ ಕೇಳ್ತು’ ಎಂದ ಕೆರಿಯಪ್ಪ. ‘ಅಯ್ಯಾ, ಈಗ ನೀವು.’

ಹೌದು, ಈಗ ಹೇಳಬೇಕು. ವೀರಕುಮಾರ ಮುಂದೆ ಹೋಗಿ ನಿಂತ. ಕೈಗಳು ತಾವಾಗಿ ಜೋಡಿಸಿಕೊಂಡದ್ದನ್ನು ಬಿಡಿಸಲು ನೋಡಿದ, ಆಗಲಿಲ್ಲ. ಮೊದಲು ಶೇಷಪ್ಪನ ಕಡೆ ತಿರುಗಿ ತಪ್ಪಾಯಿತು ಎನ್ನಬೇಕು, ಅಷ್ಟೇ, ಮೊಣಕಾಲಿನ ಸಬೂಬು ಹೇಳಬಾರದು. ಆಮೇಲೆ ತುಂಗಮ್ಮನ ಕಣ. ಆಮೇಲೆ ಕಂಬಳಿ. ಎಲ್ಲವನ್ನೂ ಒಪ್ಪಿಕೊಂಡುಬಿಡಬೇಕು, ಊರು ಕೇಳಲಿ. ಅವನು ಇಷ್ಟು ಪ್ರಾಮಾಣಿಕವಾಗಿ ಏನನ್ನಾದರೂ ಹೇಳಬೇಕೆಂದುಕೊಂಡದ್ದೇ ಇಲ್ಲ, ಕಣ್ಣು ಒದ್ದೆಯಾಯಿತು. ತಲೆ ಎತ್ತಿದ. ಪದ್ಮಪ್ರಸಾದ ಅಜ್ಜನ ಮೂಗು ಹೊತ್ತು, ಅವನನ್ನು ದಾಟಿ ದೂರಕ್ಕೆಲ್ಲೋ ನೋಡುತ್ತಿದ್ದ.

‘ಏನು ಅಹವಾಲು?’ ಎಂದ ಕೆರಿಯಪ್ಪ.

‘ಅದು ನನ್ನ ಮಣೆ,’ ಎಂದ ವೀರಕುಮಾರ.

ಚಾವಡಿಯಲ್ಲಿ ಯಾರೂ ನಗಲಿಲ್ಲ. ಜ್ವಾಲಾಮಾಲಿನಿ ಆರತಿತಟ್ಟೆಯ ಕಡೆ ಕಣ್ಣು ಇಳಿಸಿದಳು. ಮಣೆಯ ಮೇಲಿದ್ದವನು ಕಟ್ಟಳೆಯಂತೆ ಏನೂ ಹೇಳಲಿಲ್ಲ.

‘ಮಣೆ ಕೇಳ್ತು,’ ಎಂದ ಕೆರಿಯಪ್ಪ. ‘ಪಕ್ಕಕ್ಕೆ ಸರೀರಿ ಅಯ್ಯಾ, ಹಿಂದೆ ಇನ್ನೂ ಜನ ಇದಾರೆ.’